ಮಿಸ್ತ್ರಿ ಗದಿಗೆಪ್ಪನ ಲಿಫ್ಟರ್ ದಮನ

ಕೇಳಿರಿ, ಕಿವಿಯಲ್ಲಿ ಹತ್ತಿ ತುರುಕಿಕೊಂಡವರೂ ಕೇಳಿರಿ. ಧರ್ಮವು ಸೈಲೆನ್ಸರಿನ ಹೊಗೆಯಂತೆ ಹಾರಿಹೋಗಿ, ಕೈಗೆ ಗ್ರೀಸು ಹತ್ತಿದವರೆಲ್ಲ ತಮ್ಮನ್ನು ತಾವೇ ವಿಶ್ವಕರ್ಮರೆಂದು ಕರೆದುಕೊಳ್ಳುವ ಈ ಯುಗದಲ್ಲಿ, ಗದಗಿನಲ್ಲಿ ದಾರಿಗಳು ಕೂಡುವ ನಾಕೆಯೊಂದರ ಗ್ಯಾರೇಜಿನಲ್ಲಿ, ತೈಲಲಿಪ್ತಬಾಹುವೂ ಸ್ಪ್ಯಾನರು ಹಿಡಿದ ಪಾನಾಪಾಣಿಯೂ ಪರೋಪದೇಶಪ್ರಚಂಡನೂ ಆದ ಮಿಸ್ತ್ರಿ ಗದಿಗೆಪ್ಪನು, ತಾನೇ ಬಿಚ್ಚಿ ತಾನೇ ಜೋಡಿಸಿದ್ದ ಎಂಟು ಸಿಲಿಂಡರಿನ ಪುರಾತನ ಪರದೇಶಿ ಕಾರಿನ ಇಂಜಿನ್ನನ್ನು ಚಾಲೂ ಮಾಡಿದನು. ಮಾಡಿದೊಡನೆ ಅದರ ಉದರಾಂತರಾಳದಿಂದ ಟಿಕ್ ಟಿಕ್ ಎಂಬ ಶತ್ರುಧ್ವನಿಯು ಎದ್ದಿತು.

ಹಾಗೆ ಸದ್ದೆಬ್ಬಿಸಿದ್ದು ವಾಲ್ವುಗಳನ್ನು ಎತ್ತಿ ಇಳಿಸುವ ಹದಿನಾರು ಲಿಫ್ಟರುಗಳು, ಒಂದೊಂದಕ್ಕೂ ಬಿಗಿಯಲು ಒಂದೊಂದು ನಟ್ಟು. ಒಳಗೆ ಎಣ್ಣೆ ತುಂಬಿಕೊಂಡ ಮೇಲಷ್ಟೇ ಸುಮ್ಮನಾಗುವ ಜಾತಿ. ಮೂವತ್ತು ವರ್ಷ ಬರೀ ಹಳೇ ಜೀಪು ತಿದ್ದಿದ ಮಹಾರಥನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ.

"ಮಿಸ್ತ್ರಿ, ಹತ್ತು ನಿಮಿಷ ತಿರಗಲಿ ಬಿಡ್ರಿ," ಎಂದನು ಪಕ್ಕದ ಬೆಂಚಿನ ಮೆಕ್ಯಾನಿಕ್ ದಾವಲಸಾಬ. "ಎಣ್ಣಿ ಮ್ಯಾಲೇರಿದ್ರ ತಾವ ಸುಮ್ಮನಾಗ್ತಾವು. ನಟ್ಟಿನ ಸಡಿಲ ಹೋದಮ್ಯಾಲ ಅರ್ಧ ಸುತ್ತು ಬಿಗದ್ರ ಸಾಕು."

ಆಗ ಗದಿಗೆಪ್ಪನು, ಅಂಗಿಯ ಗುಂಡಿಗಳು ನರಳುವಂತೆ ಎದೆಯುಬ್ಬಿಸಿ ನುಡಿದನು: "ದಾವಲಾ, ನೀ ಹಾಲು ಕುಡಿಯೂವಾಗ ನಾ ಗೇರ್‌ಬಾಕ್ಸ್ ಬಿಚ್ಚತಿದ್ದೆ. ಅರ್ಧ ಸುತ್ತಂತ, ಉಪ್ಪಿನಕಾಯಿ ಬಾಟ್ಲಿ ಏನ ಇದು? ಇದರ ಬಾಯಿ ಮುಚ್ಚಸದಿದ್ರ ಇವತ್ತಿಂದ ನಾ ಇಂಜಿನ್ ಮುಟ್ಟಂಗಿಲ್ಲ. ಪಂಕ್ಚರ್ ತಿದ್ಕೋತ ಕುಂಡ್ರತೀನಿ."

"ದೊಡ್ಡ ಮಾತು ಆಡೀರಿ," ಎಂದು ದಾವಲಸಾಬ ಬೀಡಿ ಹಚ್ಚಿದನು.

ಇಂಜಿನ್ ಬಂದ್ ಮಾಡಿ ವೀರನು ರಣಕ್ಕಿಳಿದನು. ಟಿಕ್ಕೆಂದದ್ದಕ್ಕೆ ಒಂದು ಸುತ್ತು. ಸುಮ್ಮನಿದ್ದದ್ದಕ್ಕೆ, ಮುಂದೆ ಅಂದೀತೆಂದು, ಎರಡು ಸುತ್ತು. ಹದಿನಾರು ನಟ್ಟುಗಳು ಆ ದೋರ್ದಂಡಪ್ರತಾಪಕ್ಕೆ ಕಿರ್ರೆಂದು ತಲೆಬಾಗಿದವು. ಬಳಿಕ ಬೆವರೊರೆಸಿಕೊಂಡು ಕೀಲಿ ತಿರುವಿದನು. ಇಂಜಿನ್ನು ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಬಿಗಿದ ಬಿಗಿತಕ್ಕೆ ವಾಲ್ವುಗಳೆಲ್ಲ ಬಾಯಿ ತೆರೆದೇ ನಿಂತಿದ್ದವು.

"ಶಬ್ದ ನಿಂತತಿಲ್ಲೋ?"

"ನಿಂತತ್ರಿ. ಹೆಣಾನೂ ಮಾತಾಡಂಗಿಲ್ಲ."

ಗದಿಗೆಪ್ಪನು ಮತ್ತೆ ಕೀಲಿ ತಿರುವಿದನು, ಮತ್ತೆ ಬರೀ ಗರಗರ. ಮೂವತ್ತು ವರ್ಷ ಊರೆಲ್ಲ "ಮಿಸ್ತ್ರಿ" ಎಂದು ಕರೆದ ಬಾಯಿಗಳು ನಾಳೆ ಏನೆಂದು ಕರೆದಾವು?

ದಾವಲಸಾಬ ಬೀಡಿ ನಂದಿಸಿ ಬಂದನು. ಒಂದೊಂದೇ ನಟ್ಟನ್ನು ಸಡಿಲಿಸಿ, ಅಲುಗಾಟ ಹೋಗುವವರೆಗೆ ಬಿಗಿದು, ಮೇಲೆ ಅರ್ಧ ಸುತ್ತು ಕೊಟ್ಟು ಕೀಲಿ ತಿರುವಿದನು. ಇಂಜಿನ್ನು ಹತ್ತಿಕೊಂಡಿತು. ಟಿಕ್ ಟಿಕ್.

"ಕೇಳು, ಕೇಳು," ಎಂದ ಗದಿಗೆಪ್ಪನ ಮುಖಕ್ಕೆ ಜೀವ ಬಂತು. "ಬಡಕೊಳ್ಳಾಕತ್ತತಿ."

ದಾವಲಸಾಬ ಚಹಾ ಕುಡಿದನು. ಲೋಟ ಅರ್ಧಕ್ಕೆ ಬರುವಷ್ಟರಲ್ಲಿ ಸದ್ದು ಕ್ಷೀಣಿಸಿತು. ತಳ ಕಾಣುವಷ್ಟರಲ್ಲಿ ಇಂಜಿನ್ನು ತೃಪ್ತ ಎಮ್ಮೆಯಂತೆ ಗುರುಗುಟ್ಟುತ್ತಿತ್ತು.

ಮಹಾರಥನು ನೀರಿನ ತೊಟ್ಟಿಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಯಾರದೋ ಸೈಕಲ್ಲಿನ ಟ್ಯೂಬು ಅದ್ದಿ ಗುಳ್ಳೆ ಹುಡುಕತೊಡಗಿದನು. ಗುಳ್ಳೆ ಸಿಕ್ಕ ಮೇಲೆ, ತಲೆಯೆತ್ತದೆ ಹೇಳಿದನು:

"ಎಣ್ಣಿ ಮಾತ್ರ ನಾನ ಹಾಕಿದ್ದು."