ಸಾವಿನ ಮನೆಗೆ ಹೋಗುವ ಲ್ಯಾಪ್‌ಟಾಪು

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ಸರ್ಕಾರಿ ಕೆಲಸ ಸಿಗುತ್ತದೆ, ನನಗೆ ಪೇಚಿನ ಪ್ರಸಂಗಗಳು ಸಿಗುತ್ತವೆ. ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಕಸುಬು ಬೇರೆ ಎಂಥದ್ದೆಂದರೆ, ನಗು ಬಂದರೂ ನಗುವಂತಿಲ್ಲ. ನಾನು ಮಧುಗಿರಿಯಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುವವನು.

ಹುಟ್ಟುಹಬ್ಬದ್ದೂ ಮಾಡುತ್ತೇನೆ, ಗೃಹಪ್ರವೇಶದ್ದೂ ಮಾಡುತ್ತೇನೆ. ಆದರೆ ನನ್ನ ಹೊಟ್ಟೆ ತುಂಬಿಸುವವರು ಸತ್ತವರೇ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಊರ ಬಾಗಿಲಲ್ಲಿ ಬೇಗ ಫ್ಲೆಕ್ಸ್ ಎದ್ದು ನಿಲ್ಲಬೇಕು. ಮೇಲೆ ತೀರಿಕೊಂಡವರ ದೊಡ್ಡ ಫೋಟೊ. ಕೆಳಗೆ ‘ದುಃಖತಪ್ತರು’ ಎಂದು ಬರೆದು ಮಕ್ಕಳು, ಅಳಿಯಂದಿರು, ಅಣ್ಣತಮ್ಮಂದಿರು, ಮುಂದಿನ ಸಲ ಪಂಚಾಯ್ತಿಗೆ ನಿಲ್ಲಬೇಕು ಅಂದುಕೊಂಡಿರುವವರು, ಎಲ್ಲರ ಸಣ್ಣ ಫೋಟೊಗಳು. ಯಾರದು ಮೇಲಿನ ಸಾಲು, ಯಾರು ಯಾರ ಪಕ್ಕ ಎಂಬ ಒಂದೇ ಮಾತಿಗೆ ಅಣ್ಣತಮ್ಮಂದಿರು ಬೇರೆಯಾದದ್ದನ್ನು ನೋಡಿದ್ದೇನೆ. ಅದಕ್ಕೇ ನಾನೊಂದು ಪದ್ಧತಿ ಮಾಡಿಕೊಂಡೆ. ಲ್ಯಾಪ್‌ಟಾಪು ಹೊತ್ತುಕೊಂಡು ಸಾವಿನ ಮನೆಗೇ ಹೋಗುವುದು, ಎಲ್ಲರ ಕಣ್ಣೆದುರೇ ಫೋಟೊ ಜೋಡಿಸುವುದು, ಹಿರಿಯರು ಹ್ಞೂಂ ಅಂದ ಮೇಲೆ ಪ್ರಿಂಟಿಗೆ ಕಳಿಸುವುದು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಬಂದಿರುವ ಎಸಿ ಅಂಗಡಿಯವರು ಮನೆ ಬಾಗಿಲಿಗೆ ಹೋಗುವುದಿಲ್ಲ. ನನ್ನ ಅನ್ನ ಉಳಿದಿರುವುದೇ ಅದರಿಂದ. ಆ ಅನ್ನಕ್ಕೆ ಕಲ್ಲು ಹಾಕಿದ್ದು ಲ್ಯಾಪ್‌ಟಾಪಿನ ಬ್ಯಾಟರಿ.

ಎಲ್ಲ ಸರಿ ಐತೆ

ಅದು ಮೊದಲು ಕೈಕೊಟ್ಟದ್ದು ದೊಡ್ಡೇರಿ ಹತ್ತಿರದ ಒಂದು ಊರಿನಲ್ಲಿ. ಮನೆಯ ಯಜಮಾನರು ಬೆಳಿಗ್ಗೆ ತೀರಿಕೊಂಡಿದ್ದರು. ಹೊರಗೆ ಹೆಂಗಸರು ಅಳುತ್ತಿದ್ದರು, ಒಳಗೆ ಪಡಸಾಲೆಯಲ್ಲಿ ಗಂಡಸರು ನನ್ನ ಬೆನ್ನ ಹಿಂದೆ ಗುಂಪುಗಟ್ಟಿ ಪರದೆ ನೋಡುತ್ತಿದ್ದರು. ದೊಡ್ಡ ಅಳಿಯ ತನ್ನ ಫೋಟೊ ಮೇಲಿನ ಸಾಲಿನಲ್ಲೇ ಇರಬೇಕೆಂದು ಪಟ್ಟು ಹಿಡಿದಿದ್ದ. ಚಿಕ್ಕ ಮಗ, ಹೊರಗಿನಿಂದ ಬಂದವರು ಮಕ್ಕಳ ಸಾಲಿಗೆ ಹೇಗೆ ಬರುತ್ತಾರೆ ಎಂದು ಕೇಳುತ್ತಿದ್ದ. ಅವರಿಬ್ಬರನ್ನೂ ಸಮಾಧಾನ ಮಾಡಿ, ಅಳಿಯನನ್ನು ಮೇಲಿನ ಸಾಲಿನ ಕೊನೆಗೆ ಒಪ್ಪಿಸುವ ಹೊತ್ತಿಗೆ ಕರೆಂಟ್ ಹೋಯಿತು.

ನನಗೇನೂ ಗಾಬರಿಯಾಗಲಿಲ್ಲ. ಬ್ಯಾಟರಿ ಪೂರ್ತಿ ತುಂಬಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುತ್ತಿತ್ತು. ನೋಡಿ, ತುಂಬಿದೆ ಅಂತ ಬೆರಳಿಟ್ಟು ತೋರಿಸಿದೆ. ಬೆರಳು ತೆಗೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಅಳಿಯ ಇನ್ನೂ ಬಾಯಿಬಿಟ್ಟು ಹ್ಞೂಂ ಅಂದಿರಲಿಲ್ಲವಾದ್ದರಿಂದ ನಾನು ಸೇವ್ ಮಾಡಿರಲಿಲ್ಲ. ಜೋಡಿಸಿದ್ದೆಲ್ಲ ಹೋಯಿತು.

ಕರೆಂಟ್ ಬಂದ ಮೇಲೆ ನೆನಪಿನಿಂದ ಮತ್ತೆ ಜೋಡಿಸಿದೆ. ಗಡಿಬಿಡಿಯಲ್ಲಿ ಅಳಿಯ ಎರಡನೇ ಸಾಲಿಗೆ ಇಳಿದುಬಿಟ್ಟ. ಚಿಕ್ಕ ಮಗನೂ ನಾನೂ ಸೇರಿಕೊಂಡು ಬೇಕೆಂದೇ ಯಂತ್ರ ಆರಿಸಿದೆವು ಅಂತ ಅವನ ಅನುಮಾನ. ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂತ. ತುಂಬಿದ್ದ ಬ್ಯಾಟರಿ ಹೀಗೆ ಒಮ್ಮೆಲೇ ಹೋಗುವುದುಂಟೇ ಎಂದು ನಾನೇ ಅಳುವಂತಾಗಿದ್ದೆ. ಆಗ ತೀರಿಕೊಂಡವರ ದೊಡ್ಡ ಮಗ ನನ್ನ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದ. “ಬುಡಣ್ಣ, ನಮ್ಮಪ್ಪಂದೂ ಇಂಗೇ ಆಗಿದ್ದು. ನೆನ್ನೆ ಆಸ್ಪತ್ರೇಲಿ ಎಲ್ಲಾ ನೋಡಿ, ಎಲ್ಲ ಸರಿ ಐತೆ, ಮನೆಗೆ ಕರ್ಕಂಡೋಗಿ ಅಂದಿದ್ರು.”

ಒಂದೇ ಪ್ಲಗ್ಗು

ಅವತ್ತಿನಿಂದ ಲ್ಯಾಪ್‌ಟಾಪಿಗೆ ವೈರು ಚುಚ್ಚಿಕೊಂಡೇ ಇರಬೇಕಾಯಿತು. ಸಾವಿನ ಮನೆಯೊಳಗೆ ಕಾಲಿಟ್ಟ ಕೂಡಲೇ ನಾನು ನೋಡುತ್ತಿದ್ದದ್ದು ಹೆಣವನ್ನಲ್ಲ, ಗೋಡೆಯನ್ನು. ಪ್ಲಗ್ಗು ಎಲ್ಲಿದೆ ಎಂದು ಹುಡುಕಿಕೊಂಡು ಆಮೇಲೆ ಕೈಮುಗಿಯುತ್ತಿದ್ದೆ. ಮನುಷ್ಯ ಎಷ್ಟು ಕೆಳಗಿಳಿಯಬಹುದು ಎಂದು ನನ್ನನ್ನು ನೋಡಿ ನನಗೇ ಬೇಸರವಾಗುತ್ತಿತ್ತು. ದಾರಿಯಲ್ಲಿ ಎದುರಾದವರನ್ನು ಕಂಡರೂ, ಇವರದೊಂದು ಒಳ್ಳೆ ಫೋಟೊ ಇದೆಯೋ ಇಲ್ಲವೋ ಅಂತ ಮನಸ್ಸು ಕೇಳುತ್ತಿತ್ತು.

ಕಳ್ಳಂಬೆಳ್ಳದ ಕಡೆ ಒಂದು ಮನೆ. ತೀರಿಕೊಂಡವರ ಮಗಳು ಬೆಳಗಾವಿಯಿಂದ ಬರಬೇಕಾಗಿತ್ತು. ಅಲ್ಲಿಯವರೆಗೆ ಹೆಣ ಕೆಡಬಾರದೆಂದು ಶಿರಾದಿಂದ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತರಿಸಿದ್ದರು. ಇಡೀ ಮನೆಗೆ ಕೆಲಸ ಮಾಡುವ ಪ್ಲಗ್ಗು ಇದ್ದದ್ದು ಒಂದೇ. ಅದು ಪೆಟ್ಟಿಗೆಗೆ ಸೇರಿತ್ತು. ನಾನು ವೈರು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಹಿರಿಯರು ಸೇರಿ ತೀರ್ಮಾನ ಮಾಡಿದರು. ಸ್ವಲ್ಪ ಹೊತ್ತು ಅವರಿಗೆ, ಸ್ವಲ್ಪ ಹೊತ್ತು ನನಗೆ. ನನ್ನ ಸರದಿ ಬಂದಾಗ ಪೆಟ್ಟಿಗೆಯ ವೈರು ಕಿತ್ತು ನನ್ನದು ಹಾಕಿದರು. ಎರಡು ಫೋಟೊ ಇಟ್ಟಿರಲಿಲ್ಲ, ಒಬ್ಬ ಅಜ್ಜಿ ಪೆಟ್ಟಿಗೆಯ ಗಾಜು ಮುಟ್ಟಿ ನೋಡಿ, ಅಯ್ಯೋ ನಮ್ಮಣ್ಣ ಬೆವರ್ತಾವನೆ ಅಂದರು. ಎಲ್ಲರೂ ಕೊಲೆಗಾರನನ್ನು ನೋಡಿದ ಹಾಗೆ ನನ್ನನ್ನು ನೋಡಿದರು. ನಾನೇ ವೈರು ಕಿತ್ತು ಕೊಟ್ಟೆ. ತಲೆ ತಗ್ಗಿಸಿ ಹೊರಗೆ ಬಂದೆ.

ಜಗುಲಿಯ ಮೇಲೆ ಪೆಟ್ಟಿಗೆಯ ಮಾಲೀಕ ಕೂತಿದ್ದರು, ಶಿರಾದ ಸಾಹೇಬರು. ಪಕ್ಕ ಕೂರಿಸಿಕೊಂಡು ವಿಚಾರಿಸಿದರು. ಲ್ಯಾಪ್‌ಟಾಪಿಗೆ ವಾರಂಟಿ ಇದೆಯಾ ಎಂದರು. ಬಿಲ್ಲಿನ ಫೋಟೊ ಮೊಬೈಲಿನಲ್ಲಿತ್ತು, ತೆಗೆದು ನೋಡಿದರೆ ಆ ತಿಂಗಳ ಕೊನೆಯವರೆಗೆ ಇತ್ತು. ವಾರಂಟಿ ಇರುವ ಮಾಲು ಇಟ್ಟುಕೊಂಡು ಹೆಣದ ಜೊತೆ ಪ್ಲಗ್ಗಿಗೆ ಜಗಳ ಆಡುತ್ತೀರಲ್ಲ, ಹೋಗಿ ಕಂಪ್ಲೇಂಟ್ ಕೊಡಿ ಎಂದು ಬೈದರು. ಕಂಪ್ಲೇಂಟ್ ಕೊಟ್ಟರೆ ಏನಾದರೂ ಆಗುತ್ತದಾ ಎಂದು ಕೇಳಿದೆ. ಅವರು ಒಳಗಿದ್ದ ಪೆಟ್ಟಿಗೆಯ ಕಡೆ ನೋಡಿದರು. “ನಂಗೇನ್ ಗೊತ್ತು ಭಾಯ್. ನನ್ ಪೆಟ್ಟಿಗೇಲಿ ಮಲಗ್ದೋರು ಇವತ್ತಿನವರ್ಗೂ ಒಬ್ರೂ ಕಂಪ್ಲೇಂಟ್ ಕೊಟ್ಟಿಲ್ಲ.”

ಹಳದಿ ನೀರು

ಕಂಪನಿಯ ಸರ್ವಿಸ್ ಸೆಂಟರ್ ಇರುವುದು ತುಮಕೂರಿನಲ್ಲಿ. ನಾನು ಹೋಗುವ ಹೊತ್ತಿಗೆ ಬ್ಯಾಟರಿ ಉಬ್ಬಿಕೊಂಡು ಲ್ಯಾಪ್‌ಟಾಪಿನ ತಳ ಬಸುರಿ ಹೊಟ್ಟೆಯಾಗಿತ್ತು. ಮೇಜಿನ ಮೇಲಿಟ್ಟರೆ ಅಲ್ಲಾಡುತ್ತಿತ್ತು. ಅಲ್ಲಿನ ಎಂಜಿನಿಯರ್ ತಿರುಗಿಸಿ ನೋಡಿ, ಸ್ಕ್ರೂ ಬಿಚ್ಚುವುದಕ್ಕೂ ಮುಂಚೆಯೇ ತಲೆ ಆಡಿಸಿದ. ತಳದಲ್ಲೆಲ್ಲ ಹಳದಿ ಕಲೆ. ನೀರು ಬಿದ್ದಿದೆ, ನೀರು ಬಿದ್ದರೆ ವಾರಂಟಿ ಇಲ್ಲ ಅಂದ. ಯಾವ ಜ್ಯೂಸು ಚೆಲ್ಲಿಕೊಂಡಿರಿ ಎಂದು ಕೇಳಿದ.

ಜ್ಯೂಸಲ್ಲ, ಅದು ನಮ್ಮಮ್ಮ. ಸಾವಿನ ಮನೆಗೆ ಹೋಗಿಬಂದವರು ಸ್ನಾನ ಮಾಡದೆ ಹೊಸಿಲು ದಾಟಬಾರದು. ನಾನು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಹೋಗುತ್ತೇನೆ. ಲ್ಯಾಪ್‌ಟಾಪು ಮಾತ್ರ ಹಾಗೆಯೇ ಒಳಗೆ ಬರುತ್ತದಲ್ಲ ಎಂಬುದು ಅಮ್ಮನ ಸಂಕಟ. ನನಗೆ ಗೊತ್ತಾಗದ ಹಾಗೆ ಪ್ರತಿ ಸಲವೂ ಅದನ್ನು ಮಗುಚಿ ಹಾಕಿ, ಅರಿಶಿನದ ನೀರು ಚಿಮುಕಿಸಿ, ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಮೇಲ್ಗಡೆ ಅಕ್ಷರ ಇರೋದರಿಂದ ಅಲ್ಲಿ ಹಾಕುತ್ತಿರಲಿಲ್ಲವಂತೆ, ಸರಸ್ವತಿ ಅಂತ. ಎಂಜಿನಿಯರ್ ವಾರಂಟಿ ಇಲ್ಲ ಅಂದಾಗ ಅಮ್ಮನಿಗೆ ಫೋನು ಮಾಡಿ ಕೇಳಿದ್ದಕ್ಕೆ ಇದೆಲ್ಲ ಹೊರಗೆ ಬಂತು.

ವಾರಂಟಿ ಹೋದರೆ ಮನೆಮನೆಗೆ ಹೋಗುವ ನನ್ನ ದಂಧೆಯೇ ಹೋದಂತೆ. ಮುಚ್ಚಿಟ್ಟು ಏನು ಪ್ರಯೋಜನ ಎಂದು ಎಂಜಿನಿಯರ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ. ಇದು ಜ್ಯೂಸಲ್ಲ, ಸೂತಕ ಕಳೆಯುವ ನೀರು. ಈ ಲ್ಯಾಪ್‌ಟಾಪು ಇದುವರೆಗೆ ಹೋಗಿರುವುದೆಲ್ಲ ಸಾವಿನ ಮನೆಗೇ, ಇವತ್ತೂ ಒಂದು ಸಾವಿನ ಮನೆಯಿಂದ ನೇರ ಬರುತ್ತಿದ್ದೇನೆ ಅಂದೆ.

ಆತ ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದ. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದ. ಆಮೇಲೆ ಕೈಗವಸು ಹಾಕಿಕೊಂಡು ಬೇಗಬೇಗ ಬಿಚ್ಚಿ ನೋಡಿ, ನೀರು ಒಳಗೆ ಇಳಿದಿಲ್ಲ, ಬ್ಯಾಟರಿ ತಾನಾಗಿಯೇ ಕೆಟ್ಟಿದೆ, ಬದಲಾಯಿಸಿ ಕೊಡುತ್ತೇವೆ ಅಂದ. ಉಬ್ಬಿದ್ದನ್ನು ಹೊರಗೆ ತೆಗೆದ. ಹಾಗಾದರೆ ಲ್ಯಾಪ್‌ಟಾಪು ಇಲ್ಲೇ ಬಿಟ್ಟು ಹೋಗಲಾ ಎಂದು ಕೇಳಿದೆ. “ಬ್ಯಾಡ ಬ್ಯಾಡ,” ಅಂದ, “ನೀವು ತಗೊಂಡೋಗಿ. ನಿಮ್ಮನೇಗೇ ಬಂದು ಹಾಕ್ಕೊಡ್ತೀವಿ. ಇವತ್ತು ಶುಕ್ರವಾರ.”

ಬೆಂಕಿ ಗುರುತು

ಒಂದೇ ಷರತ್ತು. ವಾರಂಟಿ ಮುಗಿಯುವುದರೊಳಗೆ ಹೊಸ ಬ್ಯಾಟರಿ ಕೂರಿಸಿ ಆಗಿರಬೇಕು. ಆಗದಿದ್ದರೆ ಕಂಪ್ಲೇಂಟ್ ತಾನಾಗಿಯೇ ಮುಚ್ಚಿಹೋಗುತ್ತದೆ. ದಿನಾ ಕಾದೆ, ಬ್ಯಾಟರಿ ಬರಲಿಲ್ಲ. ವಿಚಾರಿಸಿದರೆ ಕಂಪನಿ ಅದನ್ನು ಕೊರಿಯರಿನಲ್ಲಿ ನೇರ ಪಾವಗಡಕ್ಕೆ ಕಳಿಸಿತ್ತು. ಪಾವಗಡದಲ್ಲಿ ಅಕ್ಕನ ಮನೆಗೆ ಹೋದಾಗ ಅಲ್ಲಿಯ ಅಂಗಡಿಯಲ್ಲೇ ಲ್ಯಾಪ್‌ಟಾಪು ಕೊಂಡಿದ್ದೆ, ಬಿಲ್ಲಿನಲ್ಲಿ ಅಕ್ಕನ ವಿಳಾಸ ಇತ್ತು, ಕಂಪನಿಯ ಕಂಪ್ಯೂಟರಿಗೆ ಅದೇ ವೇದವಾಕ್ಯ.

ಬಸ್ ಹತ್ತಿದೆ. ನಮ್ಮ ಜಿಲ್ಲೆಯ ಊರಿಗೇ ಹೋಗಲು ಬಸ್ಸು ನಡುವೆ ಆಂಧ್ರಕ್ಕೆ ಹೋಗಿ ಬರುತ್ತದೆ. ಪಾವಗಡ ಸಮೀಪಿಸಿದಂತೆ ಕಿಟಕಿಯ ಹೊರಗೆ ಕಣ್ಣು ಹಾಯಿಸಿದಷ್ಟೂ ಸೋಲಾರ್ ಫಲಕಗಳು. ದೇಶಕ್ಕೆಲ್ಲ ಕರೆಂಟ್ ಕೊಡುವ ಬಿಸಿಲಿನ ನಡುವೆ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ, ನನ್ನಷ್ಟು ನತದೃಷ್ಟ ಬೇರೆ ಯಾರೂ ಇಲ್ಲ ಅನ್ನಿಸಿತು.

ಕೊರಿಯರ್ ಆಫೀಸಿನವನು ಡಬ್ಬ ಬಂದಿದ್ದು ನಿಜ ಅಂದ. ಅದನ್ನು ವಾಪಸ್ ಕಳಿಸಿದ್ದೂ ನಿಜ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ವಾರಂಟಿ ಮುಗಿಯಲು ಉಳಿದಿರುವುದು ಬೆರಳೆಣಿಕೆಯ ದಿನ, ಮನೆಗೆ ತಲುಪಿಸದೆ ಯಾಕಪ್ಪ ಕಳಿಸಿದೆ ಎಂದು ಕೇಳಿದೆ. ಅವನು ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ. “ನೇನೇಂ ಸೇಯಾಲಿ ಅನ್ನಾ, ನಾನೇನ್ ಮಾಡ್ಲಿ, ಡಬ್ಬದ ಮ್ಯಾಲೆ ಬೆಂಕಿ ಗುರ್ತು ಇತ್ತು. ಬಿಸಿಲಿಗೆ ಇಡಬ್ಯಾಡಿ ಅಂತ ಬರ್ದಿತ್ತು. ಬಿಸಿಲು ಇಲ್ದಿರೋ ಜಾಗ ಪಾವಗಡದಾಗ ನೀನೇ ತೋರ್ಸು, ಅಲ್ಲಿಟ್ಟು ನಿಂಗೆ ಫೋನ್ ಮಾಡ್ತಿದ್ದೆ.”

ಸಂತೋಷವಾಗಿದೆಯೇ

ತುಮಕೂರಿಗೆ ಫೋನು ಮಾಡಿ ಅತ್ತುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾಗಿಯೂ ಅತ್ತೆ. ಆ ವಾರ ಎರಡು ಮನೆಯವರು ನಾನು ಬರುವುದು ಬೇಡವೆಂದು ಎಸಿ ಅಂಗಡಿಗೆ ಹೋಗಿದ್ದರು. ಎಂಜಿನಿಯರ್‌ಗೆ ಕನಿಕರ ಬಂತೋ ಏನೋ, ವಾಪಸ್ ಬಂದ ಬ್ಯಾಟರಿಯನ್ನು ತಾನೇ ತರುತ್ತೇನೆ ಅಂದ. ಅವನು ಬರಲು ಆದದ್ದು ವಾರಂಟಿಯ ಕೊನೆಯ ದಿನ.

ಅವತ್ತೇ ಬೆಳಿಗ್ಗೆ ಚನ್ನರಾಯನದುರ್ಗದ ಬುಡದ ಒಂದು ಹಳ್ಳಿಯಿಂದ ಕರೆ ಬಂತು. ವಯಸ್ಸಾದ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಹೋಗದಿದ್ದರೆ ಆ ಕೆಲಸವೂ ಹೋಗುತ್ತಿತ್ತು, ಹೋದೆ. ಎಂಜಿನಿಯರ್ ಮಧುಗಿರಿಗೆ ಬಂದು ನನ್ನ ಅಂಗಡಿಗೆ ಬೀಗ ಕಂಡು ಫೋನು ಮಾಡಿದ. ದಾರಿ ಹೇಳಿದೆ. ಎಂಥ ಮನೆ ಅಂತ ಮಾತ್ರ ಹೇಳಲಿಲ್ಲ.

ಬೈಕಿನಲ್ಲಿ ಬಂದಿಳಿದವನು ಬಾಗಿಲಲ್ಲಿ ಉರಿಯುತ್ತಿದ್ದ ಕೊಳ್ಳಿ ನೋಡಿ ನನ್ನ ಮುಖ ನೋಡಿದ. ವಾಪಸ್ ಹೋಗಿಬಿಡುತ್ತಾನೆ ಅಂದುಕೊಂಡೆ. ಒಂದು ನಿಟ್ಟುಸಿರು ಬಿಟ್ಟು ಚಪ್ಪಲಿ ಬಿಚ್ಚಿ ಒಳಗೆ ಬಂದ. ನಡುಮನೆಯಲ್ಲಿ ಮೇಷ್ಟ್ರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮಂಡಿಯ ಮೇಲೆ ತಲೆ ಇಟ್ಟು ಕೂತಿದ್ದರು. ಸುತ್ತ ಹೆಂಗಸರ ಅಳು. ನಾವಿಬ್ಬರೂ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪು ಮಗುಚಿದೆವು. ಹೊಸ ಬ್ಯಾಟರಿ ಕೂತಿತು. ವೈರಿಲ್ಲದೆ ಪರದೆ ಬೆಳಗಿತು. ನಾನು ಹಲ್ಲು ಕಚ್ಚಿ ಮುಖವನ್ನು ಗಂಭೀರವಾಗಿಟ್ಟುಕೊಂಡೆ.

ಇನ್ನೊಂದು ಕೆಲಸ ಬಾಕಿ ಇದೆ ಎಂದು ಎಂಜಿನಿಯರ್ ಪಿಸುಗುಟ್ಟಿದ. ಕಂಪನಿಯಿಂದ ಒಂದು ಕರೆ ಬರುತ್ತದೆ. ಗ್ರಾಹಕರು ಸಂತೋಷವಾಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾತ್ರ ಕೋಡ್ ಬರುತ್ತದೆ, ಕೋಡ್ ಬಾರದಿದ್ದರೆ ಹೊಸ ಬ್ಯಾಟರಿ ಬಿಚ್ಚಿಕೊಂಡು ಹೋಗಬೇಕು. ಹೊರಗೆ ಹೋಗಿ ಮಾತಾಡೋಣ ಅಂದೆ. ಹೊರಗೆ ಸಿಗ್ನಲ್ ಇರಲಿಲ್ಲ. ಬೆಟ್ಟದ ಮರೆ, ಸಿಗುತ್ತಿದ್ದದ್ದು ಆ ನಡುಮನೆಯ ಮೂಲೆಯಲ್ಲಿ ಮಾತ್ರ.

ಕರೆ ಬಂತು. ಅಳುವಿನ ಗದ್ದಲದಲ್ಲಿ ಏನೂ ಕೇಳಿಸದೆ ಎಂಜಿನಿಯರ್ ಸ್ಪೀಕರ್ ಒತ್ತಿದ. ಒಬ್ಬ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ, ನಮ್ಮ ಸೇವೆಯಿಂದ ತಮಗೆ ಸಂತೋಷವಾಗಿದೆಯೇ ಎಂದು ಕೇಳಿದಳು. ಬಾಯಿಗೆ ಕೈ ಅಡ್ಡ ಇಟ್ಟು ಹ್ಞೂಂ ಅಂದೆ. ಕೇಳಿಸಲಿಲ್ಲ ಅಂದಳು. ಇನ್ನೊಮ್ಮೆ ಹ್ಞೂಂ ಅಂದೆ. ಆಕೆ, ಯಾರೋ ಅಳುತ್ತಿರುವ ಸದ್ದು ಬರುತ್ತಿದೆ, ತಮಗೆ ನಮ್ಮ ಸೇವೆಯಿಂದ ನೋವಾಗಿದ್ದರೆ ಕೋಡ್ ಕೊಡುವುದಿಲ್ಲ, ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಮತ್ತೊಮ್ಮೆ ಪರಿಶೀಲಿಸುತ್ತೇವೆ ಅಂದಳು.

ಎಂಜಿನಿಯರ್ ನನ್ನ ಕೈ ಹಿಡಿದುಕೊಂಡ. ಅವನ ಇನ್ನೊಂದು ಕೈ ಸ್ಕ್ರೂಡ್ರೈವರಿನ ಮೇಲಿತ್ತು. ಇಷ್ಟು ದಿನದ ಅಲೆದಾಟ, ಎಸಿ ಅಂಗಡಿ, ನನ್ನ ಅನ್ನ ಎಲ್ಲವೂ ಕಣ್ಮುಂದೆ ಬಂತು. ಕಣ್ಣು ಮುಚ್ಚಿಕೊಂಡು ಜೋರಾಗಿ, “ನನಗೆ ತುಂಬಾ ಸಂತೋಷವಾಗಿದೆ” ಅಂದುಬಿಟ್ಟೆ.

ಅಳು ನಿಂತಿತು. ಫೋನಿನಲ್ಲಿ ಆಕೆ ಧನ್ಯವಾದ ಹೇಳಿ, ತಮ್ಮ ದಿನ ಶುಭವಾಗಿರಲಿ ಅಂದದ್ದು ಇಡೀ ಮನೆಗೆ ಕೇಳಿಸಿತು. ಟಿಣ್ಣೆಂದು ಕೋಡ್ ಬಂತು. ಕಣ್ಣು ಬಿಟ್ಟರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರ ಮಗ ಎದ್ದು ನಿಂತಿದ್ದ. ಹೊಡೆತ ಬೀಳುವುದು ಖಂಡಿತ ಎಂದು ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡೆ.

ಮೇಷ್ಟ್ರ ಹೆಂಡತಿ ಮಂಡಿಯಿಂದ ತಲೆ ಎತ್ತಿದರು. ಮಗನಿಗೆ ಕೂತ್ಕೊ ಎಂದು ಕೈಸನ್ನೆ ಮಾಡಿದರು. ನನ್ನ ಮುಖವನ್ನೇ ನೋಡಿದರು, ಆಮೇಲೆ ಹಾರ ಹಾಕಿಕೊಂಡು ಕೂತಿದ್ದ ಗಂಡನ ಮುಖ ನೋಡಿದರು.

“ಇನ್ನೊಂದ್ಸಲ ಅನ್ನಪ್ಪ,” ಅಂದರು. “ಲಗ್ನ ಆದಾಗ್ನಿಂದ ಈ ಮಾತ್ನ ಇವರ ಬಾಯಲ್ಲಿ ಒಂದ್ಸಲನಾದ್ರೂ ಕೇಳನ ಅಂತ ಕಾಯ್ಕಂಡಿದ್ದೆ. ನೀನಾದ್ರೂ ಅನ್ನು, ಈ ಮನೆ ಗೋಡೆಗಳಾದ್ರೂ ಕೇಳಿಸ್ಕಳ್ಲಿ.”