ಇಲ್ಲದ ದೇಶಕ್ಕೆ ತಿಪಟೂರಿನ ಪ್ರತಿನಿಧಿ

ಇಲ್ಲದ ದೇಶದ ಸಹವಾಸ ಮಾಡಿದವರಿಗೆ ಇರುವ ಊರಿನಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಆ ಸಹವಾಸ ಹತ್ತಿದ್ದು ತಿಪಟೂರಿಗೆ ಇಂಟರ್‌ನೆಟ್ ಬಂದ ಹೊಸದರಲ್ಲಿ. ಆಗ ನಾನು ಹಂದನಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ತಿಪಟೂರಿನ ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಒಂದು ಶನಿವಾರ ಮಧ್ಯಾಹ್ನ ಸೈಬರ್ ಸೆಂಟರಿನಲ್ಲಿ ಪಾಠಕ್ಕೆಂದು ನಕ್ಷೆ ಹುಡುಕುತ್ತಿದ್ದಾಗ, ಯಾವ ಅಟ್ಲಾಸಿನಲ್ಲೂ ಇಲ್ಲದ ಒಂದು ದೇಶದ ನಕ್ಷೆ ಸಿಕ್ಕಿತು. ನದಿ, ಕೋಟೆ, ಬೆಟ್ಟಸಾಲು ಎಲ್ಲ ಇತ್ತು.

ಅದು ಆಟಕ್ಕೆಂದು ಕಟ್ಟಿದ ದೇಶ ಅಂತ ಆಮೇಲೆ ತಿಳಿಯಿತು. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಅದು ಆಯಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವುದು; ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಇಲ್ಲ. ಆ ದೇಶವನ್ನು ಹಚ್ಚಿಕೊಂಡವರು ಎಲ್ಲೆಲ್ಲಿಂದಲೋ ಒಂದು ಗುಂಪು ಕಟ್ಟಿಕೊಂಡು ಇ-ಮೇಲಿನಲ್ಲಿ ಹರಟುತ್ತಿದ್ದರು. ನಾನೂ ಸೇರಿಕೊಂಡೆ.

ಫಾರಿನ್ ಸಂಬಂಧ

ವಾರವಾರ ಬಂದು, ಇಂಗ್ಲಿಷಿನಲ್ಲಿ ಉದ್ದುದ್ದ ಕಾಗದ ಬರೆದು, ನಗುತ್ತಾ ಎದ್ದು ಹೋಗುವ ಮದುವೆಯಾಗದ ಹೆಂಗಸಿನ ಮೇಲೆ ಸೈಬರ್ ಸೆಂಟರಿನ ಯಜಮಾನರಿಗೆ ಅನುಮಾನ ಬಂದಿದ್ದರಲ್ಲಿ ತಪ್ಪೇನಿಲ್ಲ. ಒಂದು ದಿನ ಕೇಳಿಯೇಬಿಟ್ಟರು.

“ಮೇಡಂ, ಫಾರಿನ್ ಸಂಬಂಧಾನಾ?”

“ಇಲ್ಲ ಕಣ್ರೀ. ಒಂದು ದೇಶದ ವಿಚಾರ ಮಾತಾಡ್ತೀವಿ.”

“ಯಾವ ದೇಶ?”

“ಇಲ್ಲದೇ ಇರೋ ದೇಶ.”

“ಹೇಳೋಕೆ ಇಷ್ಟ ಇಲ್ದಿದ್ರೆ ಬುಡಿ ಮೇಡಂ,” ಅಂದರು.

ಎರಡು ದಿನ ಬಿಟ್ಟು ರಾಗಿ ಕೇರುತ್ತಾ ಕೂತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: “ಹುಡುಗ ಏನು ಓದವ್ನೆ?”

ಗುಡ್ಡ ಅಡ್ಡ

ಆ ನಕ್ಷೆಯ ಪ್ರಿಂಟು ತೆಗೆಸಿ ಮನೆಯ ಗೋಡೆಗೆ ಅಂಟಿಸಿದ್ದೆ. ಮನೆ ಓನರು ಕೊಬ್ಬರಿ ವ್ಯಾಪಾರಿ. ನಲ್ಲಿ ರಿಪೇರಿ ನೋಡಲು ಬಂದವರು ನಕ್ಷೆಯ ಮುಂದೆ ನಿಂತುಬಿಟ್ಟರು.

“ಇಲ್ಲಿ ತೆಂಗು ಬೆಳೀತದಾ?”

ನನಗೆ ಗೊತ್ತಿರಲಿಲ್ಲ. ಗುಂಪಿಗೆ ಬರೆದು ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಮೂರು ವಾರ ಅದೇ ಚರ್ಚೆ. ಒಬ್ಬರು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಲೆಕ್ಕ ಹಾಕಿದರು. ಇನ್ನೊಬ್ಬರು ಚಳಿ ಜಾಸ್ತಿ, ಸಾಧ್ಯವೇ ಇಲ್ಲ ಅಂತ ವಾದಿಸಿ, ಸೋತು, ಸಿಟ್ಟಿನಲ್ಲಿ ಗುಂಪು ಬಿಟ್ಟು ಹೋದರು. ಕೊನೆಗೆ ದಕ್ಷಿಣದ ಕರಾವಳಿಯಲ್ಲಿ ತೆಂಗು ಬೆಳೆಯುತ್ತದೆ ಅಂತ ತೀರ್ಮಾನವಾಯಿತು.

ಓನರಿಗೆ ಸುದ್ದಿ ಮುಟ್ಟಿಸಿದೆ. ಅವರು ನಕ್ಷೆಯ ದಕ್ಷಿಣದಲ್ಲಿ ಬೆರಳಿಟ್ಟು ಮೇಲಕ್ಕೆ ಎಳೆದುಕೊಂಡು ಬಂದು, ಬೆಟ್ಟಸಾಲಿನ ಹತ್ತಿರ ನಿಲ್ಲಿಸಿದರು.

“ಬೆಳೀಲಿ, ಬೇಡ ಅನ್ನಲ್ಲ. ಆದ್ರೆ ಲೋಡು ಹೆಂಗ್ ಬತ್ತದೆ? ಗುಡ್ಡ ಅಡ್ಡ ಐತಲ್ಲ.”

ಅದನ್ನೂ ಬರೆದು ಹಾಕಿದೆ. ಮುಂದಿನ ನಕ್ಷೆಯಲ್ಲಿ ಆ ಬೆಟ್ಟಸಾಲಿನ ನಡುವೆ ಒಂದು ಘಾಟಿ ರಸ್ತೆ ಬಿದ್ದಿತ್ತು.

ಮೂರು ರೊಟ್ಟಿ

ಗುಂಪಿನವರೊಬ್ಬರು ಇಪ್ಪತ್ತು ಮುಖದ ದಾಳವೊಂದನ್ನು ಅಂಚೆಯಲ್ಲಿ ಕಳಿಸಿದರು. ಆಡಲು ಜನ ಬೇಕಲ್ಲ. ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರನ್ನು ಒಂದು ಭಾನುವಾರ ಮನೆಗೆ ಕರೆದು, ಅಮ್ಮನನ್ನೂ ಕೂರಿಸಿಕೊಂಡೆ. ಮೇಷ್ಟ್ರು ಕತ್ತಿ ಹಿಡಿದ ವೀರ. ಅಮ್ಮ ಕತ್ತಿ ಬೇಡವೆಂದು ನಾಟಿ ವೈದ್ಯೆಯಾದಳು. ಕಥೆ ಹೇಳುವುದು ನನ್ನ ಕೆಲಸ.

ಗುಹೆಯ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ ಅಂದೆ. ಮೇಷ್ಟ್ರು ನುಗ್ಗಿದರು, ದಾಳ ಹಾಕಿದರು, ಒಂದು ಬಿತ್ತು. ಕತ್ತಿ ಮುರಿದು, ಅವರು ನೆಲಕ್ಕೆ ಬಿದ್ದರು. ಈಗ ಅಮ್ಮನ ಸರದಿ.

“ಎಷ್ಟು ದಿನದಿಂದ ಅಲ್ಲಿ ನಿಂತವ್ನೆ ಅವ್ನು?”

“ನೂರು ವರ್ಷದಿಂದ.”

“ಊಟಕ್ಕೆ?”

“ಏನೂ ಇಲ್ಲ,” ಅಂದೆ.

“ನೂರು ವರ್ಷ ಉಪವಾಸ ಇದ್ದೋನ ಮುಂದೆ ಕತ್ತಿ ಝಳಪಿಸಿದ್ರೆ ಇನ್ನೇನ್ ಮಾಡ್ತಾನೆ? ನನ್ನ ಚೀಲದಾಗೆ ಏನೈತೆ?”

“ಮೂರು ರೊಟ್ಟಿ.”

“ಎರಡು ಅವ್ನಿಗೆ ಕೊಟ್ಟೆ.”

ದಾಳ ಹಾಕಿದಳು. ಇಪ್ಪತ್ತು. ರಾಕ್ಷಸ ದಾರಿ ಬಿಡಲೇಬೇಕಾಯಿತು. ನೆಲದ ಮೇಲೆ ಬಿದ್ದಿದ್ದ ವೀರ ಮೆಲ್ಲಗೆ ಕೇಳಿದ: “ಇನ್ನೊಂದು ರೊಟ್ಟಿ ನಂಗೆ ಕೊಡ್ರಮ್ಮ.”

“ಅದು ವಾಪಸ್ ಬರೋವಾಗ ಅವ್ನಿಗೆ ಬೇಕು ಕಣಪ್ಪ,” ಅಂದಳು ಅಮ್ಮ.

ನಂಬುವಂಥ ಹೆಸರು

ಗುಂಪಿನಲ್ಲಿ ಸ್ವಂತ ಬದುಕಿನ ಸುದ್ದಿ ಹೇಳಿಕೊಳ್ಳಲು ಬೇರೆ ಜಾಗವಿತ್ತು. ನಾನು ಅಲ್ಲಿ ಕೊಬ್ಬರಿ ಹರಾಜು, ತುರುವೇಕೆರೆ ಬಸ್ಸಿನ ನೂಕುನುಗ್ಗಲು, ಚಿಕ್ಕನಾಯಕನಹಳ್ಳಿಯ ಸೋದರತ್ತೆ ಮನೆಯ ಊಟ ಎಲ್ಲ ಬರೆಯುತ್ತಿದ್ದೆ. ಒಂದು ದಿನ ಗುಂಪು ನೋಡಿಕೊಳ್ಳುತ್ತಿದ್ದ ಹಿರಿಯರಿಂದ ಪತ್ರ ಬಂತು. ‘ನಿಮ್ಮ ಬರವಣಿಗೆ ಸೊಗಸಾಗಿದೆ. ಆದರೆ ಇದು ನಿಜ ಸಂಗತಿಗಳ ಜಾಗ. ಕಲ್ಪನೆಯ ಊರುಗಳನ್ನು ಇಲ್ಲಿ ತಂದರೆ ನಿಮ್ಮನ್ನು ಗುಂಪಿನಿಂದ ತೆಗೆಯಬೇಕಾಗುತ್ತದೆ.’

ನನಗೆ ನಿಜವಾಗಿಯೂ ಸಂಕಟವಾಯಿತು. ನದಿ ಯಾಕೆ ಹಾಗೆ ತಿರುಗಿದೆ ಅಂತ ನನ್ನ ಜೊತೆ ಕೂತು ಯೋಚಿಸುವವರು ಭೂಮಿಯ ಮೇಲೆ ಅವರಷ್ಟೇ ಇದ್ದರು. ಫೋಟೋ ಸ್ಟುಡಿಯೋದವರನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಊರುಗಳ ಹೆಸರಿದ್ದ ದೊಡ್ಡ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿದೆ. ಸ್ಕ್ಯಾನ್ ಮಾಡಿಸಿ ಕಳಿಸಿದೆ. ಒಂದು ವಾರ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ.

ಶನಿವಾರ ಉತ್ತರ ಬಂದಿತ್ತು. ‘ಕ್ಷಮಿಸಿ, ನಿಮ್ಮ ಶ್ರಮ ನಮಗೆ ತಿಳಿದಿರಲಿಲ್ಲ. ಊರಷ್ಟೇ ಅಲ್ಲ, ಅದಕ್ಕೊಂದು ಲಿಪಿಯನ್ನೂ ಕಟ್ಟಿದ್ದೀರಿ. ಎಷ್ಟು ದುಂಡಗಿನ, ಮುದ್ದಾದ ಅಕ್ಷರಗಳು. ನಿಮ್ಮ ದೇಶಕ್ಕೇ ಒಂದು ಪ್ರತ್ಯೇಕ ವಿಭಾಗ ತೆರೆದಿದ್ದೇವೆ. ಒಂದೇ ಒಂದು ಸಲಹೆ: ಚಿಕ್ಕನಾಯಕನಹಳ್ಳಿ ಅನ್ನುವಷ್ಟು ಉದ್ದದ ಹೆಸರನ್ನು ಯಾರೂ ನಂಬುವುದಿಲ್ಲ.’

ನಮ್ಮ ಬಸ್ಸಿನವರು ಬರೆಯುವ ಹಾಗೆ ‘ಸಿ.ಎನ್. ಹಳ್ಳಿ’ ಅಂತ ಬರೆದು ಕಳಿಸಿದೆ.

‘ಈಗ ನಿಜವಾದ ಊರಿನ ಥರ ಕೇಳಿಸುತ್ತದೆ,’ ಅಂತ ಉತ್ತರ ಬಂತು.