ಫಿರ್ಮಾಂ ಉಗುಳಲಿಲ್ಲ

ಸೊಲಾಂಜ್‌ಗೆ ಗಂಡನ ಮೇಲೆ ಇದ್ದದ್ದು ಒಂದೇ ದೂರು. ಉಳಿದದ್ದನ್ನೆಲ್ಲ ಅವಳು ಮದುವೆಯಾದ ಹೊಸತರಲ್ಲೇ ಕ್ಷಮಿಸಿಬಿಟ್ಟಿದ್ದಳು (ಗೊರಕೆಯೊಂದನ್ನು ಬಿಟ್ಟು, ಅದು ಇನ್ನೂ ವಿಚಾರಣೆಯಲ್ಲಿದೆ). ಇಬ್ಬರೂ ಸೇರಿ ಕೊಂಡ ಮನೆಗಾಡಿಯ ಸ್ಟೀರಿಂಗನ್ನು ಫಿರ್ಮಾಂ ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಆ ಗಾಡಿಯಲ್ಲಿ ಅವಳ ಪಾಲಿಗೆ ಬಂದದ್ದು ಅಡುಗೆಮನೆ, ಹಾಸಿಗೆ ಮತ್ತು ಬಚ್ಚಲು.

ಇದಕ್ಕೆಂದೇ ಫಿರ್ಮಾಂ ಒಂದು ಸಂವಿಧಾನವನ್ನೂ ರಚಿಸಿದ್ದ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ. ನಿಯಮವಿಲ್ಲದೆ ನಿದ್ದೆ ಬಾರದು. ಗಾಡಿ ಓಡಿಸುವವರು ಶೌಚದ ಡಬ್ಬಿ ಮುಟ್ಟಕೂಡದು. ಓಡಿಸದವರು ಬೆಳಿಗ್ಗೆ ಅದನ್ನು ಹೊತ್ತೊಯ್ದು ಖಾಲಿ ಮಾಡಿ ತರಬೇಕು. ಹೀಗೆ ಫ್ರಾನ್ಸಿನ ಉತ್ತರದ ಪಿಕಾರ್ಡಿಯಿಂದ ಬರ್ಗಂಡಿಯ ದ್ರಾಕ್ಷಿತೋಟಗಳವರೆಗೆ ಫಿರ್ಮಾಂ ಗಾಡಿ ಓಡಿಸಿದ, ಸೊಲಾಂಜ್ ಡಬ್ಬಿ ಹೊತ್ತಳು.

"ನಂಗೂ ಬರುತ್ತೆ ಕಣೋ. ಅಪ್ಪನ ಟ್ರ್ಯಾಕ್ಟರು, ಹಿಂದೆ ಬೀಟ್‌ರೂಟ್ ತುಂಬಿದ ಟ್ರೇಲರು, ರಿವರ್ಸಲ್ಲೇ ಕೊಟ್ಟಿಗೆಗೆ ಹಾಕ್ತಿದ್ದೆ."

"ಅದು ಬೀಟ್‌ರೂಟು ಮಾರಾಯ್ತಿ, ಇದು ಸಂಸಾರ," ಎನ್ನುತ್ತಿದ್ದ ಫಿರ್ಮಾಂ.

ಆ ಮಧ್ಯಾಹ್ನ ಅವರು ಮದಾಮ್ ಜೊಸೆತ್ ಎಂಬಾಕೆಯ ವೈನ್ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದರು. ರಾತ್ರಿ ತಂಗಲು ಬಾಡಿಗೆಯಿಲ್ಲ. ವೈನಿನ ರುಚಿ ನೋಡಿ ನಾಲ್ಕು ಬಾಟಲಿ ಕೊಂಡರೆ ಅದೇ ಮರ್ಯಾದೆ. ಜೊಸೆತ್ ನೆಲಮಾಳಿಗೆಯಲ್ಲಿ ಗ್ಲಾಸುಗಳನ್ನು ಸಾಲಾಗಿಟ್ಟು, ಒಂದು ಬಕೆಟ್ಟನ್ನು ಫಿರ್ಮಾಂನ ಕಡೆ ತಳ್ಳಿದಳು.

"ಇದ್ಯಾಕೆ ಮದಾಮ್?"

"ರುಚಿ ನೋಡಿ ಉಗುಳೋಕೆ ಮಸ್ಯೂ. ಎಲ್ಲಾ ನುಂಗಿದ್ರೆ ತಲೆಗೇರುತ್ತೆ, ಇನ್ನೂ ಬೇಕಾದಷ್ಟು ಬಗೆ ಇದೆ."

ಫಿರ್ಮಾಂ ಎದೆ ಮುಟ್ಟಿಕೊಂಡ. "ಉಗುಳೋದಾ? ನೀವು ಬೆವರು ಸುರಿಸಿ ಮಾಡಿದ್ದನ್ನ, ನಿಮ್ಮ ಮುಂದೇನೇ? ನಮ್ಮಮ್ಮ ತಟ್ಟೇಲಿ ಒಂದು ಚಮಚ ಸೂಪು ಬಿಡೋಕೂ ಬಿಡ್ತಿರಲಿಲ್ಲ!"

"ವೈನ್ ಮಾಡೋರೇ ಉಗುಳ್ತಾರೆ ಕಣೋ," ಎಂದು ಸೊಲಾಂಜ್ ಬಕೆಟ್ಟಿನ ನಡುಮಧ್ಯಕ್ಕೆ ಗುರಿಯಿಟ್ಟು ಉಗುಳಿದಳು.

ಫಿರ್ಮಾಂ ಮಾತ್ರ ಸಂಸ್ಕಾರ ಬಿಡಲಿಲ್ಲ. ಪ್ರತಿ ಗ್ಲಾಸನ್ನೂ ತಳ ಕಾಣುವವರೆಗೆ ಗೌರವಿಸಿದ. ಮೊದಲ ಗ್ಲಾಸಿನಲ್ಲಿ ಅವನಿಗೆ ಚೆರ್ರಿ ಹಣ್ಣಿನ ಪರಿಮಳ ಸಿಕ್ಕಿತು. ಆಮೇಲಿನದರಲ್ಲಿ ಕಾಡಿನ ಮಣ್ಣು. ಕೊನೆಕೊನೆಗೆ, "ಇದರಲ್ಲಿ ನಮ್ಮಜ್ಜಿ ಇದ್ದಾಳೆ," ಎಂದು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರಿನ ಹಾರನ್ನು. ಸಂಜೆ ಬರಬೇಕಿದ್ದ ದ್ರಾಕ್ಷಿಯ ಹೊರೆ ಬೇಗನೆ ಬಂದು ಗೇಟಿನಾಚೆ ನಿಂತಿತ್ತು. ಹಣ್ಣು ಹಿಂಡುವ ಕೋಣೆಯ ಬಾಗಿಲಿಗೇ ಅಡ್ಡಲಾಗಿ ಮನೆಗಾಡಿ. ಅದು ಹಿಂದಕ್ಕೆ ಸರಿದು, ಗೇಟಿನ ಎರಡು ಕಲ್ಲುಕಂಬಗಳ ನಡುವೆ ತೂರಿ ಹೊರಬಿದ್ದರೆ ಮಾತ್ರ ಟ್ರ್ಯಾಕ್ಟರಿಗೆ ದಾರಿ.

"ಬೇಗ ತೆಗೀರಿ ಮಸ್ಯೂ! ಈ ಬಿಸಿಲಲ್ಲಿ ನನ್ನ ಹಣ್ಣು ಕೆಟ್ಟುಹೋಗುತ್ತೆ!" ಎಂದು ಜೊಸೆತ್ ಅವಸರಪಡಿಸಿದಳು.

"ಭಯ ಬೇಡ, ನಾನಿದ್ದೀನಿ," ಎಂದು ಫಿರ್ಮಾಂ ಎದ್ದ. ಜೇಬಿನಿಂದ ಕೀ ತೆಗೆದ. ಗಂಭೀರವಾಗಿ ಅದನ್ನು ವೈನ್ ಪೀಪಾಯಿಯ ನಲ್ಲಿಗೆ ತುರುಕಿ ತಿರುಗಿಸತೊಡಗಿದ.

ಜೊಸೆತ್ ಅವನ ಕೈ ಹಿಡಿದಳು. "ಈ ಬಕೆಟ್ಟಲ್ಲಿ ನಿಮ್ಮದು ಒಂದು ಹನೀನೂ ಇಲ್ಲ. ಕೀ ಮದಾಮ್‌ಗೆ ಕೊಡಿ."

ಸೊಲಾಂಜ್ ಸೀಟು ಮುಂದಕ್ಕೆಳೆದು ಕೂತಳು. ಹಿಂದೆ ಫಿರ್ಮಾಂ ಕಂಬವೊಂದನ್ನು ತಬ್ಬಿಕೊಂಡು ಕೂಗುತ್ತಿದ್ದ: "ಎಡಕ್ಕೆ! ಸ್ವಲ್ಪ ಬಲಕ್ಕೆ! ನಿಲ್ಲು! ಅಯ್ಯೋ, ಹೋಯ್ತು ನನ್ನ ಗಾಡಿ!"

ಅವಳು ಕಿಟಕಿಯ ಗಾಜು ಏರಿಸಿದಳು. ಗದ್ದಲ ನಿಂತಿತು. ಎರಡೂ ಕನ್ನಡಿಗಳಲ್ಲಿ ಕಂಬಗಳು ಕಂಡವು. ಆ ಕಡೆ ಈ ಕಡೆ ಒಂದೊಂದು ಅಂಗೈ ಜಾಗ. ಅಪ್ಪನ ಕೊಟ್ಟಿಗೆಯ ಬಾಗಿಲಲ್ಲಿ ಅಷ್ಟೂ ಇರುತ್ತಿರಲಿಲ್ಲ. ಗಾಡಿ ಒಂದೇ ಸಮನೆ ಹಿಂದಕ್ಕೆ ಸರಿದು, ಎಲ್ಲೂ ಸೋಕದೆ ಹೊರಬಂದು, ರಸ್ತೆಯಲ್ಲಿ ಅಂದವಾಗಿ ತಿರುಗಿ ನಿಂತಿತು. ಹಣ್ಣು ಕೀಳುವವರೆಲ್ಲ ಟ್ರೇಲರಿನ ಮೇಲಿಂದ ಟೋಪಿ ಬೀಸಿ ಚಪ್ಪಾಳೆ ತಟ್ಟಿದರು. ಸೊಲಾಂಜ್‌ಗೆ ತನ್ನ ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

"ಎಲ್ಲಿ ಕಲಿತ್ರಿ ಮದಾಮ್?" ಜೊಸೆತ್ ಕೇಳಿದಳು.

"ಬೀಟ್‌ರೂಟ್ ಹತ್ರ."

ಹಣ್ಣಿನ ಹೊರೆ ಇಳಿದ ಮೇಲೆ ಗಾಡಿಯನ್ನು ಮತ್ತೆ ಅಂಗಳಕ್ಕೆ ತಂದು ನಿಲ್ಲಿಸಿದ್ದೂ ಅವಳೇ. ಮರುದಿನ ಬೆಳಿಗ್ಗೆ ಫಿರ್ಮಾಂ ಭಾರವಾದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ. ಸ್ಟೀರಿಂಗ್ ಹಿಂದೆ ಅವನ ಟೋಪಿಯಿತ್ತು. ಟೋಪಿಯ ಕೆಳಗೆ ಹೆಂಡತಿ.

"ಏಳು ಏಳು, ನಿನ್ನೆ ಮಾತು ಬೇರೆ. ಇವತ್ತು ನಾನು ಸರಿಯಾಗಿದ್ದೀನಿ."

"ಈಗ ಸರಿಯಾಗಿದ್ದೀಯ. ಇವತ್ತು ಇನ್ನೂ ಮೂರು ವೈನ್ ಮನೆಗೆ ಹೋಗೋದಿದೆಯಲ್ಲ? ಅಲ್ಲಿ ಉಗುಳ್ತೀಯೋ?"

ಫಿರ್ಮಾಂ ಸ್ಟೀರಿಂಗ್ ನೋಡಿದ. ಕಿಟಕಿಯಾಚೆ, ಬೆಟ್ಟದ ತುದಿಯವರೆಗೂ ಹಬ್ಬಿದ ದ್ರಾಕ್ಷಿತೋಟ ನೋಡಿದ. ಆ ಮುಖದಲ್ಲಿ ನಡೆದ ಯುದ್ಧ ಕಂಡು ಸೊಲಾಂಜ್‌ಗೇ ಅಯ್ಯೋ ಅನಿಸಿತು.

"ಉಗುಳೋದು... ನನ್ನ ಕೈಲಾಗಲ್ಲ ಕಣೆ," ಎಂದ ಕೊನೆಗೆ.

"ಹಾಗಾದ್ರೆ ಸಂವಿಧಾನ ಏನು ಹೇಳುತ್ತೆ?"

ಸಂವಿಧಾನ ಬರೆದವನು ಬಚ್ಚಲಿಗೆ ಹೋಗಿ ಡಬ್ಬಿಯನ್ನು ಹೊರಗೆಳೆದ. ಕೊಳಕು ಸುರಿಯುವ ಜಾಗ ರಸ್ತೆಯಾಚೆ, ಚರ್ಚಿನ ಹಿಂಭಾಗದಲ್ಲಿತ್ತು. ತುಂಬಿದ ಡಬ್ಬಿಯನ್ನು ಮೈಗೆ ತಾಗದಂತೆ ದೂರ ಹಿಡಿದು ಅವನು ಅಂಗಳ ದಾಟಿ ಕಲ್ಲುಕಂಬಗಳ ಬಳಿ ಬಂದಾಗ, ಸೊಲಾಂಜ್ ಗಾಜು ಇಳಿಸಿ ತಲೆ ಹೊರಹಾಕಿದಳು.

"ಎಡಕ್ಕೆ! ಸ್ವಲ್ಪ ಬಲಕ್ಕೆ! ಹುಷಾರು ಕಣೋ, ಅದು ಬೀಟ್‌ರೂಟಲ್ಲ, ಸಂಸಾರ!"